ನೆಲ ತಟ್ಟುತ್ತಿದ್ದ ಓವರ್ಸಿಯರ್

ಸುದ್ದಿ ತಂದವನು ಓವರ್ಸಿಯರರು ಇದ್ದ ಊರಿನ ಒಬ್ಬ ರೈತ. ನಮ್ಮ ಕಟ್ಟೆಯ ಮೇಲೆ ಕೂತು, ಕೊಟ್ಟ ಚರಿಗೆ ನೀರನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ನಿಮ್ಮ ಓವರ್ಸೇರ್ರು ಹೋದ್ರಿ" ಎಂದ. ಬೇವಿನ ಗಿಡದ ಕೆಳಗೆ ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲವಂತೆ. ಆಮೇಲೆ ಅವನೇ ಮುಂದುವರಿಸಿದ.

"ಕುಣಿ ಎಲ್ಲೆ ತಗೀಬೇಕು ಅನ್ನೂದ ತಿಳೀಲಿಲ್ರಿ. ಇಷ್ಟು ವರ್ಷ ಊರಾಗ ಯಾರ ಸತ್ರೂ ಅವರ ಬಂದು ನೆಲಾ ತಟ್ಟಿ, ಇಲ್ಲೆ ತಗೀರಿ ಅಂತಿದ್ರು. ಈಗ ಅವರ ಸತ್ತಾರ. ಕೇಳೂದು ಯಾರನ್ನ? ಮಧ್ಯಾಹ್ನದ ಮಟಾ ಹೆಣಾ ಇಟ್ಕೊಂಡು ಕುಂತಿದ್ವಿ."

ನಗು ಬರುವಂಥ ಮಾತು. ನನಗೆ ಮಾತ್ರ ನಗು ಬರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಆ ಹೆಸರನ್ನು ಸರ್ಕಾರಿ ಕಾಗದದಲ್ಲಿ ಕೆಡಿಸಲು ನಾನೂ ಕೈಜೋಡಿಸಿದ್ದೇನೆ. ಈಗ ಹೊಗಳುವುದಕ್ಕೆ ಅದನ್ನು ಎತ್ತಿಕೊಳ್ಳುವ ಹಕ್ಕು ನನಗಿಲ್ಲ.

ಆಗ ನಮ್ಮ ಭಾಗ ತುಂಡು ಅರಿವೆಗಳ ಕೌದಿಯಂತಿತ್ತು. ಜಮಖಂಡಿ ಒಂದು ಸಂಸ್ಥಾನ, ಮುಧೋಳ ಇನ್ನೊಂದು. ರಬಕವಿ, ತೇರದಾಳಕ್ಕೆ ಹೋದರೆ ಮತ್ತೊಬ್ಬ ರಾಜರ ಸೀಮೆ. ಬೀಳಗಿಗೆ ಹೋದರೆ ಇಂಗ್ರೇಜರದು. ಇವುಗಳಲ್ಲಿ ಒಂದರ ಬಾಂಧಕಾಮ ಕಚೇರಿಯಲ್ಲಿ, ಅಂದರೆ ಕೆರೆ, ರಸ್ತೆ ಕಟ್ಟಿಸುವ ಇಲಾಖೆಯಲ್ಲಿ, ನಾನು ನಕ್ಷೆ ಬರೆಯುವ ಚಾಕರಿಯಲ್ಲಿದ್ದೆ. ಯಾವುದು ಎಂದು ಹೇಳದಿದ್ದರೂ ನಡೆಯುತ್ತದೆ. ನೆಲದಡಿಯ ಸುಣ್ಣದಕಲ್ಲಿಗೆ ಈ ಗಡಿಗಳು ಯಾವವೂ ಗೊತ್ತಿರಲಿಲ್ಲ.

ಓವರ್ಸಿಯರರು ನನಗಿಂತ ಹದಿನೈದು ವರ್ಷ ದೊಡ್ಡವರು. ಉದ್ದ, ಒಣಕಲು ಆಳು. ಎಡ ಹೆಗಲು ಬಲಕ್ಕಿಂತ ಎರಡು ಬೆರಳು ಕೆಳಗೆ. ಆ ಹೆಗಲ ಮೇಲೆ ಯಾವಾಗಲೂ ಆಳೆತ್ತರದ ಒಂದು ಕಬ್ಬಿಣದ ಹಾರೆ. ಅವರ ತಂದೆ ಸುಣ್ಣದ ಭಟ್ಟಿ ಹಾಕುತ್ತಿದ್ದವರು. ಚಿಕ್ಕಂದಿನ ಝಳಕ್ಕೆ ಸುಟ್ಟ ರೆಪ್ಪೆಗೂದಲು ಮತ್ತೆ ಸರಿಯಾಗಿ ಬಂದೇ ಇರಲಿಲ್ಲ. ಹಾಗಾಗಿ ಅವರು ನೋಡುತ್ತಿದ್ದರೆ ಕಣ್ಣು ಮಿಟುಕಿಸುವುದನ್ನು ಮರೆತವರ ಹಾಗೆ ಕಾಣುತ್ತಿತ್ತು. ಹೊಸಬರು ಹೆದರುತ್ತಿದ್ದರು.

ಕೋಟಿನ ಕಿಸೆಯಲ್ಲಿ ಸದಾ ಒಂದು ನಿಂಬೆಹಣ್ಣು ಇರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನು ಒಂದು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ, ಬೂದುಬಣ್ಣದ ಬಂಡೆಯ ಮೇಲೆ ಆ ಹಣ್ಣು ಹಿಂಡಿ, "ಕಿವಿ ಹಚ್ಚು" ಎಂದರು. ಹಚ್ಚಿದೆ. ಬಹಳ ಸಣ್ಣಗೆ, ಇರುವೆಗಳು ಪಿಸುಗುಟ್ಟಿದ ಹಾಗೆ, ಕಲ್ಲು ಬುಸುಗುಡುತ್ತಿತ್ತು.

"ಹುಳಿ ಒಂದು ಹನಿಗೆ ಇಷ್ಟು ಬಾಯಿ ಬಿಡತೈತಿ. ಮಳಿನೀರು ಸಾವಿರಾರು ವರ್ಷ ನೆಕ್ಕಿದ್ರ ಏನಾಗಿರಬೇಕು ಹೇಳು ನೋಡೂಣು?"

"ಸವೆದಿರಬೇಕ್ರಿ."

"ಸವದಿಲ್ಲ. ಒಳಗ ಮನಿ ಕಟ್ಟೈತಿ. ಖೋಲಿ, ಪಡಸಾಲಿ, ಓಣಿ, ಎಲ್ಲಾ ಐತಿ ಕೆಳಗ. ಬಾಗಲಾ ಅಷ್ಟ ಬಿಳಿಜೇಡಿ ಬಡದು ಮುಚ್ಚೈತಿ."

ಬಿಳಿಜೇಡಿ ಎಂದರೆ ಅರ್ಧ ಸುಣ್ಣ, ಅರ್ಧ ಜೇಡಿಮಣ್ಣು. ಒಣಗಿದಾಗ ಕಲ್ಲಿನಷ್ಟು ಗಟ್ಟಿ, ನೆನೆದರೆ ಬೆಣ್ಣೆ. ನಮ್ಮ ಕಡೆ ಸುಣ್ಣದಕಲ್ಲಿನ ಪದರಗಳ ನಡುವೆ, ಸಂದುಗಳಲ್ಲಿ ಅದು ಕೂತಿರುತ್ತದೆ. ಅದು ಇರುವ ತನಕ ಮೇಲಿನ ಕಲ್ಲು ನಿಲ್ಲುತ್ತದೆ. ಅದನ್ನು ನೀರು ತೊಳೆದುಕೊಂಡು ಹೋಯಿತೆಂದರೆ ಮೇಲಿರುವುದೆಲ್ಲ ಬರಿದಾದ ಹೊಟ್ಟೆಯ ಮೇಲೆ ನಿಂತಂತೆ. ಈ ಮಾತನ್ನು ಅವರು ಎಂಜಿನಿಯರರಿಗೂ ಹೇಳುತ್ತಿದ್ದರು, ಎಮ್ಮೆ ಕಾಯುವವರಿಗೂ ಹೇಳುತ್ತಿದ್ದರು. ಕೇಳಿಸಿಕೊಂಡವರು ಎಮ್ಮೆ ಕಾಯುವವರು.

ಒಮ್ಮೆ ಒಬ್ಬ ರೈತ ದಾರಿಯಲ್ಲಿ ಅಡ್ಡ ನಿಂತು, ತನ್ನ ಹೊಲದ ಒಂದು ಮೂಲೆಯ ಕಡಲೆಗೆ ಯಾರೋ ದೃಷ್ಟಿ ಹಾಕಿದ್ದಾರೆ, ಪ್ರತಿ ವರ್ಷ ಹಳದಿಯಾಗುತ್ತದೆ ಎಂದ. ಇವರು ಹಾರೆಯಿಂದ ಒಂದು ಗೇಣು ಎರೆಮಣ್ಣು ಕೆದರಿದರು. ಕೆಳಗೆ ಬೆಳ್ಳಗೆ ಇತ್ತು. "ದೃಷ್ಟಿ ಕೆಳಗಿಂದ ಬಿದ್ದೈತಿ. ಇಲ್ಲೆ ಬಿತ್ತಬ್ಯಾಡ, ದನಾ ಮೇಯಾಕ ಬಿಡು. ಮನೀನೂ ಕಟ್ಟಬ್ಯಾಡ" ಎಂದರು. ಅಲ್ಲಿಂದ ನೂರು ಹೆಜ್ಜೆ ಮುಂದೆ ಬಂದು ತಿರುಗಿ ನಿಂತು, "ಮಕ್ಕಳನ್ನೂ ಅಲ್ಲೆ ಆಡಾಕ ಬಿಡಬ್ಯಾಡ" ಎಂದು ಕೂಗಿದರು. ರೈತ ನಕ್ಕ. ಇವರು ನಗಲಿಲ್ಲ.

ಯಾರ ಮನೆಗೆ ಹೋದರೂ ಕೂರುವ ಮೊದಲು ಹಿಮ್ಮಡಿಯಿಂದ ನೆಲ ತಟ್ಟುತ್ತಿದ್ದರು. ಊಟವನ್ನು ಆದಷ್ಟು ಹೊರಗೇ ಮಾಡುತ್ತಿದ್ದರು. ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಂಡು ನಿಂತೇ ತಿಂದು ಮುಗಿಸುತ್ತಿದ್ದರು. ನಾವು ಕಚೇರಿಯವರು ಹಿಂದಿನಿಂದ ಅವರ ನಡಿಗೆಯನ್ನು ಅಣಕಿಸುತ್ತಿದ್ದೆವು. ನಾನೂ ಅಣಕಿಸಿದ್ದೇನೆ.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಘಟಪ್ರಭೆಗೆ ದೂರವಲ್ಲದ ಒಂದು ಊರಿನ ಮೇಲ್ಗಡೆ ಕೆರೆ ಕಟ್ಟುವುದೆಂದು ದರಬಾರಿನಲ್ಲಿ ತೀರ್ಮಾನವಾಯಿತು. ನೆಲ ನೋಡಿಕೊಂಡು ಬರಲು ಓವರ್ಸಿಯರರನ್ನೂ ನಕ್ಷೆ ಬರೆಯಲು ನನ್ನನ್ನೂ ಕಳಿಸಿದರು. ಅಲ್ಲಿಯ ಹಳ್ಳದಲ್ಲಿ ಒಂದು ತಗ್ಗಿತ್ತು. ಎಷ್ಟೇ ನೀರು ಬಂದರೂ ಅದರೊಳಗೆ ಸುತ್ತಿ ಸುತ್ತಿ ಇಳಿದು ಹೋಗುತ್ತಿತ್ತು. ಎಲ್ಲಿಗೆ ಎಂದು ಊರಿನ ಯಾರಿಗೂ ಗೊತ್ತಿರಲಿಲ್ಲ.

ಓವರ್ಸಿಯರರು ರಬಕವಿಗೆ ಹೋಗಿ, ನೇಕಾರರು ನೂಲಿಗೆ ಹಾಕುವ ಕಡುಗೆಂಪು ಬಣ್ಣ ಎರಡು ಡಬ್ಬಿ ತಂದು ಆ ತಗ್ಗಿಗೆ ಸುರಿದರು. ಮೂರನೆಯ ದಿನ ಬೆಳಿಗ್ಗೆ ಊರಿನ ಕೆಳಗಿನ ಓಣಿಯಲ್ಲಿ ಗದ್ದಲ. ಅಲ್ಲಿಯ ನಾಲ್ಕು ಬಾವಿಗಳಲ್ಲಿಯೂ ನೀರು ಕೆಂಪಾಗಿತ್ತು. ಆ ಓಣಿಯ ಸೂಲಗಿತ್ತಿ ಗೌರವ್ವ ಎಂಬಾಕೆ ಕೊಡವನ್ನು ನಮ್ಮ ಮುಂದೆ ಕುಕ್ಕಿದಳು.

"ನಾ ಇಷ್ಟು ಮಂದಿ ಬಾಣಂತನಾ ಮಾಡೇನಿ. ಇಂಥಾ ನೀರು ನೋಡಿದ್ದ ಇಲ್ಲ. ಭೂಮ್ತಾಯಿಗೆ ಏನಾಗೈತ್ರಿ?"

ಓವರ್ಸಿಯರರು ಅದೇ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ಅವಳೆದುರು ಕುಡಿದರು. ಆಮೇಲೆ ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದರು. ಇಲ್ಲಿ ತಗ್ಗು, ಇಲ್ಲಿ ನಿಮ್ಮ ಓಣಿ, ನಡುವೆ ಕಲ್ಲಿನೊಳಗೆ ದಾರಿ. ಗೌರವ್ವ ಆ ಗೀರುಗಳ ಮೇಲೆ ಬೆರಳಾಡಿಸಿದಳು. "ಅಂದ್ರ ನಮ್ಮ ಮನಿ ಹೊಟ್ಟಿ ಮ್ಯಾಲ ಅದಾವು" ಎಂದಳು. ಆ ಊರಿನಲ್ಲಿ ಅವರ ಮಾತು ಒಂದೇ ಸಲಕ್ಕೆ ತಿಳಿದುಕೊಂಡವಳು ಅವಳೊಬ್ಬಳೇ.

ನಾನು ನಕ್ಷೆ ಬರೆದೆ. ತಗ್ಗಿನಿಂದ ಓಣಿಯವರೆಗೆ ಕೆಂಪು ಚುಕ್ಕೆಗಳ ಗೆರೆ, ಹಾರೆ ಹೊಡೆದಾಗ ಧುಬ್ ಎಂದ ಕಡೆಯೆಲ್ಲ ಒಂದೊಂದು ಗುರುತು. ಓವರ್ಸಿಯರರು ಕೆಳಗೆ ವರದಿ ಬರೆದರು: ಇಲ್ಲಿ ಕೆರೆ ಬೇಡ; ಕಟ್ಟಿದರೆ ನೀರಿನ ಭಾರಕ್ಕೆ ಬಿಳಿಜೇಡಿ ತೊಳೆದು ಹೋಗಿ ಓಣಿ ಕುಸಿಯುತ್ತದೆ.

ಎರಡು ದಿನಗಳ ನಂತರ ಎಂಜಿನಿಯರ್ ಸಾಹೇಬರು ನನ್ನೊಬ್ಬನನ್ನೇ ಕರೆದರು. ಬಾಗಿಲು ಹಾಕಿ, ನಕ್ಷೆಯ ಮೇಲೆ ಕೈಯಿಟ್ಟು ಶಾಂತವಾಗಿಯೇ ಮಾತಾಡಿದರು. "ದರಬಾರಿನಾಗ ಮಂಜೂರ ಆಗಿ ಹೋಗೇತಿ. ಈಗ ಇದನ್ನ ತೋರಿಸಿದ್ರ ನನ್ನ ಮಾತು ಬೀಳತೈತಿ. ಈ ಚುಕ್ಕಿ ಇಲ್ಲದ್ದು ಇನ್ನೊಂದು ಬರಿ. ಇದನ್ನ ಸುಟ್ಟುಬಿಡು." ನನಗಾಗ ಇಪ್ಪತ್ತಾರು. ಕೆಲಸ ಕಾಯಂ ಆಗಿ ಒಂದು ತಿಂಗಳಾಗಿತ್ತು. ಅದನ್ನೇ ನೆಪ ಮಾಡಿಕೊಂಡು ಬಹಳ ವರ್ಷ ಬದುಕಿದೆ. ನಿಜವೆಂದರೆ ಹೊಸ ನಕ್ಷೆ ಬರೆಯುವಾಗ ನನಗೆ ಅಂಥ ಸಂಕಟವೇನೂ ಆಗಲಿಲ್ಲ. ಚುಕ್ಕೆಗಳಿಲ್ಲದೆ ಅದು ಬಹಳ ಚೊಕ್ಕವಾಗಿ ಬಂತು. ಹಳೆಯದನ್ನು, ಕೆಳಗಿನ ವರದಿಯ ಸಮೇತ, ಒಲೆಗೆ ಹಾಕಿದೆ. ಸಾಹೇಬರು ಹೊಗಳಿದರು. ನಾನು ಹಿಗ್ಗಿದೆ.

ಹಳ್ಳದ ತಗ್ಗಿನ ಬಾಯಿಗೆ ಕಲ್ಲು, ಮಣ್ಣು ತುಂಬಿ ಕೆರೆ ಎಬ್ಬಿಸಿದರು. ಮೊದಲ ಮಳೆಗಾಲಕ್ಕೇ ತುಂಬಿತು. ಚಳಿಗಾಲ ಕಳೆದರೂ ಕೆಳಗಿನ ಓಣಿಯ ಬಾವಿಗಳಲ್ಲಿ ಕೈಗೆಟುಕುವಷ್ಟು ನೀರು. ಜನ ಸಾಹೇಬರ ಹೆಸರು ಹೇಳಿ ಹರಸಿದರು. ಆದರೆ ನೀರು ತಿಳಿಯಾಗಿರಲಿಲ್ಲ. ಮಜ್ಜಿಗೆ ಬೆರೆತ ಹಾಗೆ ಬೆಳ್ಳಗಿತ್ತು. ರಾತ್ರಿ ಇಟ್ಟ ಕೊಡದ ತಳದಲ್ಲಿ ಬೆಳಿಗ್ಗೆ ಒಂದು ಬೆರಳು ದಪ್ಪ ನುಣುಪು ಮಣ್ಣು ನಿಲ್ಲುತ್ತಿತ್ತು. ಹೆಂಗಸರು ಅದನ್ನು ಕೂಡಿಸಿ ಗೋಡೆಗೆ ಸಾರಿಸಿದರು. ಬಾಗಿಲಿನ ಎರಡೂ ಕಡೆ ಪಟ್ಟೆ ಎಳೆದರು. ಆ ವರ್ಷ ಅಷ್ಟು ಬೆಳ್ಳಗಿದ್ದ ಓಣಿ ಸುತ್ತಲಿನ ಯಾವ ಊರಿನಲ್ಲಿಯೂ ಇರಲಿಲ್ಲ.

ಓವರ್ಸಿಯರರು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ಕರೆದೊಯ್ದರು. ಬಾವಿಯ ನೀರನ್ನು ತಮ್ಮ ಧೋತರದಲ್ಲಿ ಸೋಸಿ, ಉಳಿದ ಮುದ್ದೆಯನ್ನು ನನ್ನ ಅಂಗೈಗೆ ಹಾಕಿದರು.

"ಇದು ಏನು?"

"ಬಿಳಿಜೇಡಿರಿ."

"ಈ ಮನಿಗೋಳ ಬುನಾದಿ. ದಿನಾ ಒಂದೊಂದು ಚರಿಗಿ ಹೊರಗ ಬರಾಕತ್ತೈತಿ. ಇವರು ತಮ್ಮ ಬುನಾದೀನ ತಗದು ಗ್ವಾಡಿಗೆ ಹಚ್ಚಾಕತ್ತಾರ."

ನಾನು ಕೈ ತೊಳೆದುಕೊಂಡೆ. ಅವರು ನನ್ನ ಮುಖ ನೋಡುತ್ತಲೇ ಇದ್ದರು. ನಕ್ಷೆಯ ಕಥೆ ಅವರಿಗೆ ಆಗಲೇ ಗೊತ್ತಿತ್ತೋ ಏನೋ. ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬಿಸಿಲು ಏರಿದಂತೆ ಗೋಡೆಗಳಲ್ಲಿ ಬಿರುಕುಗಳು ಕಂಡವು. ಮುಚ್ಚುತ್ತಿದ್ದ ಬಾಗಿಲುಗಳು ಮುಚ್ಚದಾದವು. ಓವರ್ಸಿಯರರು ಒಡೆದ ಕಂದೀಲಿನ ಗಾಜಿನ ಚೂರುಗಳನ್ನು ಬಿರುಕಿಗೆ ಅಡ್ಡವಾಗಿ ಗಾರೆಯಿಂದ ಅಂಟಿಸಿದರು. ಗೋಡೆ ಸರಿದರೆ ಗಾಜು ಒಡೆಯಬೇಕು. ಮುಂದಿನ ವಾರ ಹೋದಾಗ ಎಲ್ಲ ಗಾಜುಗಳೂ ಒಡೆದಿದ್ದವು. ಗೌರವ್ವನ ಮನೆಯಲ್ಲಿ ನೆಲಕ್ಕೆ ಹುಗಿದ ಒಳಕಲ್ಲು ಇತ್ತು. ಅದರಲ್ಲಿ ಖಾರ ಅರೆದು ತೊಳೆದ ನೀರು ನಿಲ್ಲದೆ ಸುತ್ತಲಿನ ಸಂದಿನಲ್ಲಿ ಗಟಗಟ ಇಳಿದು ಹೋಯಿತಂತೆ.

ಓವರ್ಸಿಯರರು ಕಚೇರಿಗೆ ಬಂದು ಎಂಜಿನಿಯರರ ಮೇಜಿನ ಮುಂದೆ ನಿಂತರು. ಓಣಿಯ ಜನರನ್ನು ಮೊದಲು ಮೇಲಿನ ಬಂಡೆಗುಡ್ಡಕ್ಕೆ ಸಾಗಿಸಬೇಕು, ಆಮೇಲೆ ಕೆರೆಯ ತೂಬು ತೆಗೆಯಬೇಕು ಎಂದರು. "ನೀರು ಇಳಿಯೂ ಮುಂದ ಹೆಚ್ಚಿನ ಅಪಾಯ ಐತ್ರಿ. ಈಗ ಒಳಗಿನ ನೀರ ಮ್ಯಾಲಿನ ನೆಲಕ್ಕ ಹೆಗಲು ಕೊಟ್ಟು ಹೊತ್ತೈತಿ." ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. ಅರಸರು ಕೆರೆ ನೋಡಲು ಬರುವವರಿದ್ದಾರೆ, ಅಲ್ಲಿಯ ತನಕ ಒಂದು ಹನಿಯೂ ಇಳಿಯಕೂಡದು ಎಂದರು.

ಅಂದಿನಿಂದ ಓವರ್ಸಿಯರರು ಮನೆಮನೆ ತಿರುಗಿ ಕೈಮುಗಿದರು. ಹೆಂಗಸರನ್ನೂ ಮಕ್ಕಳನ್ನೂ ಹೊರಡಿಸಿದವಳು ಗೌರವ್ವ. "ನಾ ಹುಟ್ಟಿಸಿದ ಕೂಸುಗೋಳು ನನಗ ಬೇಕು, ಏಳ್ರಿ" ಎಂದು ಒಬ್ಬೊಬ್ಬರ ತೋಳು ಹಿಡಿದು ಎಬ್ಬಿಸಿದಳಂತೆ. ಗಂಡಸರು ಹಗಲು ಗುಡ್ಡಕ್ಕೂ ಓಣಿಗೂ ಹೋಗುವುದು, ಬರುವುದು ಮಾಡಿದರು. ಗೌರವ್ವನ ಮಗ ಮಾತ್ರ ಕದಲಲಿಲ್ಲ. ಮಗ್ಗದ ಮುಂದೆ ಕೂತು, "ನೆಲಾ ಏನ ಎತ್ತೇನ್ರಿ ಓವರ್ಸೇರ್ರ, ಹಗ್ಗಾ ಹರಕೊಂಡು ಓಡಿ ಹೋಗಾಕ? ಈ ಸೀರಿ ಮುಗಿಸಿ ಬರತೇನಿ ತಗೋರಿ" ಎಂದನಂತೆ.

ಆ ಮಾತಿನ ಮರುದಿನ, ಉಳಿದ ಗಂಡಸರು ಊಟಕ್ಕೆ ಗುಡ್ಡ ಏರಿದ್ದ ಹೊತ್ತಿಗೆ, ಓಣಿ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ ಎಂದು ನೋಡಿದವರು ಹೇಳುತ್ತಾರೆ. ತುಂಬಿದ ಚೀಲ ನೆಲಕ್ಕಿಟ್ಟ ಹಾಗೆ ಒಂದು ಉಸಿರು, ಆಮೇಲೆ ಬಿಳಿ ಧೂಳು. ಏಳು ಮನೆಗಳಿದ್ದ ಜಾಗದಲ್ಲಿ ಒಂದು ಹೊಂಡ, ಅದರ ತಳದಲ್ಲಿ ಹಾಲಿನಂಥ ನೀರು. ಓವರ್ಸಿಯರರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಾಲ್ಕು ದಿನ ಆ ನೀರಿಗಿಳಿದು ಹುಡುಕಿದರು. ಮಗ್ಗದ ಒಂದು ಮರ ಸಿಕ್ಕಿತು. ಹುಡುಗ ಸಿಗಲಿಲ್ಲ.

ಆ ಊರಿನ ಚಾವಡಿಯಲ್ಲೇ ವಿಚಾರಣೆ ನಡೆಯಿತು. ದೊಡ್ಡ ಅಧಿಕಾರಿಯೊಬ್ಬರು ಕೂತಿದ್ದರು. ಹಾರೆಯಿಂದ ಅಲ್ಲಲ್ಲಿ ನೆಲ ಚುಚ್ಚಿ, ಬಾವಿಗೆ ಬಣ್ಣ ಹಾಕಿ ಭೂಮಿ ಕೆಡಿಸಿದವರು ಓವರ್ಸಿಯರರೇ ಎಂದು ಎಂಜಿನಿಯರರು ಹೇಳಿದರು. ನಾನು ಬರೆದ ಚೊಕ್ಕ ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು. ಓವರ್ಸಿಯರರು ಒಂದೇ ಮಾತು ಹೇಳಿದರು: "ಇದರ ಮೊದಲ ಇನ್ನೊಂದು ನಕಾಶಿ ಇತ್ತು."

ಅಧಿಕಾರಿ ನನ್ನ ಕಡೆ ತಿರುಗಿದರು. "ಬರೆದವರು ನೀವ ಅಲ್ಲೇನು? ಇನ್ನೊಂದು ಇತ್ತೇನು?"

"ಇಲ್ರಿ" ಎಂದೆ.

ಓವರ್ಸಿಯರರು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದರು. ಹಾರೆ ಹೆಗಲಿಗೆ ಹಾಕಿಕೊಂಡು ಚಾವಡಿಯ ಮೆಟ್ಟಿಲಿಳಿದರು. ಕೆಲಸ ಹೋಯಿತು. ಹೊಂಡಕ್ಕೆ ಕಲ್ಲು, ಜೇಡಿ ತುಂಬಿ ಮುಚ್ಚಿದರು. ಮುಂದಿನ ಮಳೆಗೆ ಕೆರೆ ಮತ್ತೆ ತುಂಬಿತು.

ಊರು ಬಿಟ್ಟು ಹೋಗುತ್ತಾರೆಂದುಕೊಂಡೆ. ಅವರು ಅದೇ ಊರಿಗೆ ಹೋಗಿ ನಿಂತರು. ಅರ್ಧ ಜನ ಅವರನ್ನು ಶಪಿಸುತ್ತಿದ್ದರು. ಗೌರವ್ವ, ಮಗನನ್ನು ಕಳೆದುಕೊಂಡ ಗೌರವ್ವ, ಉಳಿದ ಓಣಿಯಲ್ಲಿ ತನಗೆ ಸಿಕ್ಕ ಮನೆಯ ದನದ ಕೊಟ್ಟಿಗೆಯನ್ನು ಬಿಟ್ಟುಕೊಟ್ಟಳು. ಅವರು ಕೊಟ್ಟಿಗೆಯಲ್ಲಿ ಪಾತ್ರೆ ಇಟ್ಟು ಹೊರಗೆ ಬೇವಿನ ಕೆಳಗೆ ಮಲಗುತ್ತಿದ್ದರು. ಕಂಡವರ ಹೊಲ, ಬಾವಿ, ಮನೆಯ ಬುನಾದಿ ನೋಡಿಕೊಟ್ಟು ಅವರು ಕೊಟ್ಟ ಜೋಳದಲ್ಲಿ ಬದುಕಿದರು. ಪ್ರತಿ ಸೋಮವಾರ ಓಣಿಯ ಗೋಡೆಗಳ ಗಾಜು ನೋಡುತ್ತಿದ್ದರು. ಹೀಗೆ ಯುದ್ಧ ಬಂತು, ಹೋಯಿತು. ನಾನು ಅತ್ತ ಕಡೆ ತಲೆ ಹಾಕಲಿಲ್ಲ.

ಸಂಸ್ಥಾನಗಳು ವಿಲೀನವಾದ ವರ್ಷ ಕಚೇರಿಗೆ ಮುಂಬಯಿ ಸರ್ಕಾರದ ಹೊಸ ಎಂಜಿನಿಯರ್ ಬಂದರು. ಕೆರೆಗಳೆಲ್ಲದರ ನಕ್ಷೆ ತಯಾರಿಸಿ ಕೊಡು ಎಂದು ನನಗೆ ಹೇಳಿದರು. ಆ ಒಂದು ಕೆರೆಗೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಮರುದಿನ ನಡೆದುಕೊಂಡು ಆ ಊರಿಗೆ ಹೋದೆ.

ಅವರು ಬಾವಿಯ ಕಟ್ಟೆಯ ಮೇಲಿದ್ದರು. ವಯಸ್ಸಿಗೆ ಮೀರಿ ಮುದುಕರಾಗಿದ್ದರು. ನಾನು ಒಂದೇ ಉಸಿರಿಗೆ ಹೇಳಿದೆ: ಸುಟ್ಟದ್ದು, ಬರೆದದ್ದು, ಚಾವಡಿಯಲ್ಲಿ ಇಲ್ಲ ಎಂದದ್ದು.

"ನನಗ ಹೇಳಿ ಏನು ಉಪಯೋಗ?" ಎಂದರು. "ನನಗ ಗೊತ್ತ ಐತಿ. ಗೊತ್ತಿಲ್ಲದಾವರಿಗೆ ಹೇಳು. ನೀರು ಮತ್ತ ಬೆಳ್ಳಗಾಗೈತಿ."

ಹೊಸ ಎಂಜಿನಿಯರರಿಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ. ಅವರು ಎರಡು ಸಲ ಓದಿದರು. ನನ್ನನ್ನು ಏನೂ ಕೇಳಲಿಲ್ಲ. ವಾರದೊಳಗೆ ಖುದ್ದು ಬಂದು ನೋಡಿ, ಓವರ್ಸಿಯರರು ಹೇಳಿದ ಹಾಗೆಯೇ ಮಾಡಿಸಿದರು. ಊರಿನ ಜನರನ್ನೆಲ್ಲ ಬಂಡೆಗುಡ್ಡಕ್ಕೆ ಏರಿಸಿ, ತೂಬು ತೆಗೆಸಿದರು. ನಾನೂ ಅಲ್ಲಿಯೇ ಉಳಿದೆ.

ಎರಡು ದಿನ ಏನೂ ಆಗಲಿಲ್ಲ. ಕೆರೆ ಇಳಿಯುತ್ತಿತ್ತು, ಜನ ಗೊಣಗುತ್ತಿದ್ದರು. "ಇದ್ದ ನೀರು ಚೆಲ್ಲಿ ನಮ್ಮನ್ನ ಕಲ್ಲಿನ ಮ್ಯಾಲ ಕುಂಡರ್ಸಿದ್ರು" ಎಂದು ಓವರ್ಸಿಯರರಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಮೂರನೆಯ ಮಧ್ಯಾಹ್ನ ಕೆಳಗಿನ ಓಣಿಯಿಂದ ಧೂಳೆದ್ದಿತು. ಗೌರವ್ವನ ಮನೆ, ಕೊಟ್ಟಿಗೆ, ಪಕ್ಕದ ಎಂಟು ಮನೆಗಳು ಒಂದರ ಹಿಂದೆ ಒಂದು ಒಳಗೆ ಕೂತವು. ಗೌರವ್ವ ಎದ್ದು ಜನರ ನಡುವೆ ಓಡಾಡುತ್ತ ಒಬ್ಬೊಬ್ಬರ ತಲೆ ಮುಟ್ಟಿ ನೋಡಿದಳು. ಓಣಿಯವರೆಲ್ಲ ಇದ್ದರು. ಒಬ್ಬರೂ ಕಮ್ಮಿ ಇರಲಿಲ್ಲ.

ಆಮೇಲೆ ಬಂದು ನಮ್ಮಿಬ್ಬರ ಪಕ್ಕದಲ್ಲಿ ಕೂತಳು.

"ನಕಾಶಿ ಮಾಸ್ತರ, ಈ ಕಾಗದಾ ಬರದು ಕೊಟ್ಟಾವರು ನೀವಂತ?"

"ಹೌದವ್ವಾ."

"ಇದ ಕಾಗದಾ ಅವತ್ತ ಬರದಿದ್ರ ನನ್ನ ಮಗ ಉಳೀತಿದ್ದನೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಓವರ್ಸಿಯರರು, "ಅವತ್ತ ಅವಗ ಗೊತ್ತಿದ್ದಿಲ್ಲ ಗೌರವ್ವಾ" ಎಂದರು. ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ.

"ಗೊತ್ತಿತ್ತವ್ವಾ" ಎಂದೆ. "ಎಲ್ಲಾ ಗೊತ್ತಿತ್ತು."

ಅವಳು ನನ್ನನ್ನು ನೋಡಿದಳು. ಆಮೇಲೆ ಎದ್ದು, ಸೆರಗು ಎಳೆದುಕೊಂಡು, ಓವರ್ಸಿಯರರ ಆ ಬದಿಗೆ ಹೋಗಿ ಕೂತಳು. ನನ್ನ ಜೊತೆ ಮತ್ತೆ ಯಾವತ್ತೂ ಮಾತಾಡಲಿಲ್ಲ.

ಹೊತ್ತು ಮುಳುಗುವ ಮುಂಚೆ ಹೆಂಗಸರು ಬಂಡೆಯ ಮೇಲೆ ಒಲೆ ಹೂಡಿ ರೊಟ್ಟಿ ಬಡಿದರು. ಗೌರವ್ವ ಎಲ್ಲರಿಗೂ ಹಂಚಿಕೊಂಡು ಬಂದಳು. ನನ್ನ ಮುಂದೆ ಬಂದಾಗ ನಿಂತಳು. ಮುಖ ಬೇರೆ ಕಡೆ ಮಾಡಿಕೊಂಡು ನನ್ನ ಮುಂದೆಯೂ ಒಂದು ಇಟ್ಟು ಹೋದಳು. ನನಗೆ ಅದನ್ನು ಮುಟ್ಟಲು ಆಗಲಿಲ್ಲ. ಓವರ್ಸಿಯರರು ಕೈ ಚಾಚಿ, ಅದನ್ನು ಮುರಿದು, ಅರ್ಧ ತಾವು ಬಾಯಿಗೆ ಹಾಕಿಕೊಂಡು, ಉಳಿದರ್ಧವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ತಿನ್ನು" ಎಂದರು. "ಆಕಿ ಕೊಟ್ಟದ್ದು ಉಳಸಬಾರದು."